ಕೆಂಚಿಗೆ ಕುಡಿಸಿದ ಔಷಧಿ

ಕುಡಿತದ ಕೆಡುಕು ಬೇರೆಯವರ ಮನೆಯ ವಿಷಯ ಎಂದೇ ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ. ರಾವಂದೂರಿನಲ್ಲಿ ನಮ್ಮದು ದಿನಾ ಪೂಜೆ, ವಿಭೂತಿ ಇರುವ ಮನೆ. ಅಡುಗೆಮನೆಯ ಬಾಟಲಿಯಲ್ಲಿ ಹರಳೆಣ್ಣೆ ಬಿಟ್ಟರೆ ಇನ್ನೇನೂ ಸಿಗದು. ಬ್ರಾಂದಿ ಇದ್ದದ್ದು ನಮ್ಮ ಮಾವನವರ ಟ್ರಂಕಿನಲ್ಲಿ, ಅದೂ ಮಂಡಿನೋವಿನ ಔಷಧಿ ಎಂಬ ಹೆಸರಿನಲ್ಲಿ. ಆ ನೋವು ಸಂಜೆಯಾದರೆ ಮಾತ್ರ ಬರುತ್ತದೆ.

ಹೋದ ತಿಂಗಳು ನಮ್ಮ ನಾಯಿಮರಿ ಕೆಂಚಿಗೆ ಸ್ನಾನ ಮಾಡಿಸಿದೆ. ಅಂಗೈಯಗಲದ ಮರಿ, ಚಳಿಗೆ ಗಡಗಡ ನಡುಗಿತು. ಜಗಲಿಯಲ್ಲಿ ಕೂತಿದ್ದ ಮಾವ, "ಒಂದ್ ಮುಚ್ಚಳ ಬ್ರಾಂದಿ ಕುಡ್ಸವ್ವಾ, ಅಂಗೇ ಬೆಚ್ಚಗಾಯ್ತದೆ" ಎಂದರು. "ಬ್ಯಾಡಿ ಮಾವ, ಒರೆಸಿ ಬಿಸಿಲಿಗೆ ಬುಡ್ತೀನಿ" ಎಂದು ಟವೆಲ್ ತರಲು ಒಳಗೆ ಹೋದೆ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಅದನ್ನು ಇಳಿಸಿ ಬರುವಷ್ಟರಲ್ಲಿ ಔಷಧಿ ಕೆಂಚಿಯ ಹೊಟ್ಟೆ ಸೇರಿತ್ತು. ಮರಿ ಅಂಗಳದಲ್ಲಿ ತೂರಾಡುತ್ತಿದ್ದರೆ ಮಾವ ಬಿದ್ದು ಬಿದ್ದು ನಗುತ್ತಿದ್ದರು. ನಮ್ಮ ಯಜಮಾನರು ಮೊಬೈಲ್ ಹಿಡಿದು, "ನೋಡೇ, ಥೇಟ್ ನಿಮ್ಮ ಚಿಕ್ಕಪ್ಪನ ನಡಿಗೆ!" ಎನ್ನುತ್ತಾ ವಿಡಿಯೋ ಮಾಡುತ್ತಿದ್ದರು.

ಸ್ವಲ್ಪ ಹೊತ್ತಿಗೆ ಅದು ವಾಂತಿ ಮಾಡಿ ಮಲಗಿತು. ಮುಟ್ಟಿದರೆ ಮೈ ತಣ್ಣಗೆ. "ಮತ್ತು ಇಳಿದ್ರೆ ಎದ್ದೇಳ್ತದೆ ಬುಡು" ಎಂದರು ಮಾವ. ನಾನು ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಪಿರಿಯಾಪಟ್ಟಣಕ್ಕೆ ಆಟೋ ಹತ್ತಿದೆ. ಡ್ರೈವರ್ ಕನ್ನಡಿಯಲ್ಲಿ ನನ್ನ ಕಣ್ಣೀರು ಕಂಡು, "ಏನಾಯ್ತಕ್ಕಾ?" ಎಂದ. "ಕುಡಿದ್ಬುಟ್ಟದೆ ಕಣಪ್ಪಾ." "ಯಾರು, ಅಣ್ಣನಾ?" ಬೇರೆ ದಿನವಾಗಿದ್ದರೆ ನಕ್ಕುಬಿಡುತ್ತಿದ್ದೆ.

ಪಶು ಆಸ್ಪತ್ರೆಯ ಡಾಕ್ಟರು ಮೊದಲು ಮರಿಯ ಒಸಡು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಬ್ರಾಂದಿಯಿಂದ ಬೆಚ್ಚಗಾಗಲ್ಲಮ್ಮ, ಮೈ ಇನ್ನೂ ತಣ್ಣಗಾಗುತ್ತೆ. ಇಷ್ಟು ಚಿಕ್ಕ ಮರಿಗೆ ಒಂದು ಮುಚ್ಚಳವೂ ವಿಷಾನೇ. ಎಷ್ಟು ಕುಡಿಸಿದ್ರಿ?" ನನಗೆ ಗೊತ್ತಿರಲಿಲ್ಲ. ಡ್ರಿಪ್ ಹಾಕಿದರು, ಪಕ್ಕದಲ್ಲಿ ಬಿಸಿನೀರಿನ ಬಾಟಲಿ ಇಟ್ಟರು. ಮಧ್ಯಾಹ್ನದ ಹೊತ್ತಿಗೆ ಕೆಂಚಿಯ ಉಸಿರು ನಿಂತಿತು.

ಅದನ್ನು ಅದೇ ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದೆ. "ಆಯಸ್ಸು ಅಷ್ಟೇ ಇತ್ತೇನೋ" ಎಂದರು ಮಾವ. ವಿಡಿಯೋ ನೋಡಿದ ಎಚ್.ಡಿ. ಕೋಟೆಯ ನಾದಿನಿ ಯಜಮಾನರ ಮೊಬೈಲಿಗೆ ನಗುವ ಗೊಂಬೆಗಳನ್ನು ಸಾಲುಸಾಲಾಗಿ ಕಳಿಸುತ್ತಿದ್ದಳು. ಇವತ್ತು ಯಾರ ಮುಲಾಜೂ ಬೇಡ, ಇದ್ದದ್ದು ಇದ್ದಂಗೆ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದ ಮನೆಯ ಪುಟ್ಟಮ್ಮ ಬಂದಳು. ಅವಳ ಕಂಕುಳಲ್ಲಿ ಕೆಂಚಿಯ ಜೊತೆಯಲ್ಲೇ ಹುಟ್ಟಿದ ಇನ್ನೊಂದು ಮರಿ. "ಏನಾಗಿತ್ತು ಕಣವ್ವಾ ಅದ್ಕೆ?" ಎಂದಳು. ಮಾವ ನನ್ನ ಮುಖ ನೋಡಿದರು. ಎಷ್ಟಾದರೂ ನಮ್ಮದು ಪೂಜೆ, ವಿಭೂತಿಯ ಮನೆ.

"ಹಾವು ಕಚ್ತು" ಎಂದೆ.

"ಅಯ್ಯೋ ಶಿವನೇ! ಎಷ್ಟುದ್ದ ಇತ್ತು?"

ಎರಡೂ ಕೈ ಅಗಲಿಸಿ ತೋರಿಸಿದೆ.