ನಮ್ಮ ಮನೆಯಲ್ಲಿ ಯಾರೂ ಹೇಳದ ಹೆಸರು

೧೯೭೪ನೇ ಇಸವಿ ಸೆಪ್ಟೆಂಬರ್ ೨೯, ಭಾನುವಾರ. ಬೆಳಿಗ್ಗೆ ಏಳೂ ಇಪ್ಪತ್ತಕ್ಕೆ ಇದನ್ನು ಬರೆಯಲು ಕೂತೆ. ತಾರೀಖು, ವೇಳೆ ಬರೆಯದೆ ನನಗೆ ಯಾವ ಕೆಲಸವೂ ಸುರುವಾಗುವುದಿಲ್ಲ. ಇಂಡಿಯಲ್ಲಿ ಗುಮಾಸ್ತನಾಗಿರುವ ನಾನು ಪ್ರತಿ ಶನಿವಾರ ಸಂಜೆ ಬಸ್ಸು ಹಿಡಿದು ನಮ್ಮೂರು ದೇವಣಗಾಂವಿಗೆ ಬರುತ್ತೇನೆ. ಬಸ್ಸು ಎಷ್ಟು ತಡವಾಯಿತು ಎಂಬುದನ್ನೂ ಡೈರಿಯಲ್ಲಿ ಬರೆದಿಡುತ್ತೇನೆ. ಅದರಿಂದ ಬಸ್ಸು ಬೇಗ ಬಂದದ್ದು ಇಲ್ಲ. ಬರೆದದ್ದಕ್ಕೆ ನನಗೊಂದು ಸಮಾಧಾನ, ಅಷ್ಟೇ. ಇಂಥ ನಾನು, ನಮ್ಮ ಮನೆಯ ಐದು ವರ್ಷದ ಹುಡುಗನಿಗೆ ತನ್ನ ಹೆಸರೇ ಗೊತ್ತಿಲ್ಲ ಎಂಬ ಸಂಗತಿಯನ್ನು ಈ ಆಷಾಢದವರೆಗೆ ಗಮನಿಸಿರಲಿಲ್ಲ ಎಂದರೆ ಓದುವವರು ನಗಬಹುದು. ನಗಲಿ. ಹೆಸರು ಎಂಬುದು ವಿಚಿತ್ರ ವಸ್ತು. ಅದು ನಮ್ಮದು, ಆದರೆ ಬಳಸುವವರು ಊರವರು. ಊರವರು ಬಳಸದಿದ್ದರೆ ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ರುಮಾಲಿನಂತೆ ಅದು ಮಡಿಕೆಯಲ್ಲೇ ಉಳಿಯುತ್ತದೆ.

ಹುಡುಗ ನನ್ನ ಅಣ್ಣನ ಮಗ. ಹೆಸರು ಭೀಮ; ಸಾಲೆಯ ಹಾಜರಿಯಲ್ಲಿ ಭೀಮರಾಯ. ತೀರಿಕೊಂಡ ನಮ್ಮ ಅಪ್ಪನ ಹೆಸರು ಅದು. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು ಇಡುವುದು ನಮ್ಮ ಕಡೆ ರೂಢಿ. ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ಝಳಕಿಯಿಂದ ಬಂದ ನಮ್ಮ ಅಕ್ಕ, ಸೋದರತ್ತೆಯ ಹಕ್ಕಿನಿಂದ, ಕೂಸಿನ ಕಿವಿಯಲ್ಲಿ ‘ಕುರ್‍ರ್’ ಎಂದು ಊದಿ ಆ ಹೆಸರು ಹೇಳಿದಳು. ಹೆಸರು ಹೇಳಿದವಳ ಬೆನ್ನಿಗೆ ಸುತ್ತ ಕೂತ ಹೆಣ್ಣುಮಕ್ಕಳೆಲ್ಲ ಸೇರಿ ಗುದ್ದುವುದೂ ರೂಢಿಯೇ. ಅಕ್ಕನಿಗೆ ಬಿದ್ದ ಗುದ್ದುಗಳ ಸಪ್ಪಳ ಪಡಸಾಲೆಯಲ್ಲಿ ಕೂತ ಗಂಡಸರಿಗೆಲ್ಲ ಕೇಳಿಸಿತು. ಆಮೇಲೆ ನಮ್ಮ ಮನೆಯಲ್ಲಿ ಆ ಹೆಸರು ಹೇಳುವ ಧೈರ್ಯವನ್ನು ಯಾರೂ ಮಾಡಲಿಲ್ಲ.

ಕಾರಣ ಗುದ್ದಲ್ಲ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ; ಸೊಸೆ ಮಾವನ ಹೆಸರು ಹೇಳುವುದಿಲ್ಲ. ಅಂದಮೇಲೆ ಹುಡುಗನನ್ನು ಎತ್ತಿ ಆಡಿಸುವ ಇಬ್ಬರೂ, ಅಂದರೆ ನಮ್ಮ ಅವ್ವ ಮತ್ತು ಅಣ್ಣನ ಹೆಂಡತಿಯಾದ ವೈನಿ, ಅವನನ್ನು ಕರೆಯುವ ಹಾಗಿಲ್ಲ. ಅಣ್ಣ ಮುದ್ದೇಬಿಹಾಳದಲ್ಲಿ ಮಾಸ್ತರ. ತಿಂಗಳಿಗೆ ಒಂದೆರಡು ಸಲ ಬರುವವನು. ಬಂದಾಗ ಅವನಿಗೂ, ನನಗೂ ‘ಏ ಭೀಮಾ’ ಎನ್ನಲು ನಾಲಿಗೆ ಏಳುವುದಿಲ್ಲ. ಗೋಡೆಯ ಮೇಲಿನ ಫೋಟೋದಲ್ಲಿ ಅಪ್ಪ ರುಮಾಲು ಸುತ್ತಿಕೊಂಡು ನೋಡುತ್ತಿರುತ್ತಾರೆ. ನಾವು ‘ಅಪ್ಪಾ’ ಎಂದೆವು. ಓಣಿಯವರು ಅಜ್ಜನ ಲೆಕ್ಕದಲ್ಲಿ ‘ಸಣ್ಣ ಮುತ್ಯಾ’ ಎಂದರು. ವೈನಿ ‘ಮಾವಾರ’ ಎಂದಳು. ಅವ್ವ ಮಾತ್ರ ಗಂಡನಿಗೆ ಕೊಡುತ್ತಿದ್ದ ಮರ್ಯಾದೆಯನ್ನೇ ತೊಟ್ಟಿಲ ಕೂಸಿಗೂ ಕೊಟ್ಟು ‘ಇವ್ರು’ ಎಂದಳು. “ಇವ್ರು ಹಾಲು ಕುಡುದ್ರೇನ? ಇವ್ರು ಚಡ್ಡಿ ತೋಯ್ಸಿಕೊಂಡಾರ, ಯಾರರೆ ನೋಡ್ರೆ.” ಹೊರಗಿನವರು ಕೇಳಿದರೆ ಒಳಗೆ ಯಾರೋ ಜಮೀನ್ದಾರರು ಕಷ್ಟದಲ್ಲಿದ್ದಾರೆ ಎಂದುಕೊಳ್ಳಬೇಕು.

ಈ ಮರ್ಯಾದೆಯ ಲಾಭವನ್ನು ಹುಡುಗ ಚೆನ್ನಾಗಿಯೇ ಪಡೆದ. ಬೆಲ್ಲದ ಡಬ್ಬಿಯನ್ನು ಬೋರಲು ಹಾಕಿದರೂ ವೈನಿ ಕೈ ಎತ್ತುವ ಹಾಗಿಲ್ಲ. ಮಾವನ ಹೆಸರು ಹೊತ್ತವನಿಗೆ ಹೊಡೆದರೆ ಪೆಟ್ಟು ಎಲ್ಲಿಗೆ ಬೀಳುತ್ತದೆ? ಅವಳು ಹಲ್ಲು ಕಚ್ಚಿ, “ಮಾವಾರ, ಸಾಕ್ರಿ, ಇಳೀರಿ ಕೆಳಗ” ಎನ್ನುವಳು. ಇಳಿಯದಿದ್ದರೆ ನನ್ನ ಕಡೆ ತಿರುಗಿ, “ತಮ್ಮಾ, ನಿಮ್ಮಪ್ಪಗ ನೀನ ಬುದ್ಧಿ ಹೇಳು” ಎನ್ನುವಳು. ನಾನು ಫೋಟೋದ ಕಡೆ ನೋಡುತ್ತಿದ್ದೆ.

ಅಪ್ಪ ಇದ್ದಾಗಲೂ ಅವ್ವ ಈ ಹೆಸರಿನ ಸುತ್ತ ನಡೆದವಳೇ ಹೊರತು ಅದರೊಳಗೆ ಕಾಲಿಟ್ಟವಳಲ್ಲ. ನಮ್ಮೂರಿನ ಹೊಳೆಯ ಹೆಸರೂ ಭೀಮೆಯೇ. ಊರೆಲ್ಲ ಭೀಮಾ ಹೊಳಿ ಬಂತು ಎಂದರೆ ಅವ್ವ “ನೀರು ಬಂತು” ಎನ್ನುವಳು. ಭೀಮವ್ವ ಎಂಬ ನೆರೆಯವಳನ್ನು “ಬೇವಿನಗಿಡದ ಮನಿಯಾಕಿ” ಎನ್ನುವಳು. ಒಮ್ಮೆ ರೇಷನ್ ಕಾರ್ಡು ಬರೆಯಲು ಮೈಸೂರು ಕಡೆಯ ಒಬ್ಬರು ಮನೆಗೆ ಬಂದರು. ಯಜಮಾನರ ಹೆಸರು ಕೇಳಿದರು. ಮನೆಯಲ್ಲಿ ಅವ್ವ ಒಬ್ಬಳೇ.

“ಪಾಂಡವ್ರೊಳಗ ಎರಡನೇದವ್ರು, ಬರಕೋರಿ,” ಎಂದಳಂತೆ.

ಅವರು ಬೆರಳು ಮಡಚಿ ಎಣಿಸಿ ಬರೆದುಕೊಂಡು ಹೋದರು. ಕಾರ್ಡು ಬಂದಾಗ ಅಪ್ಪ ಅರ್ಜುನರಾಯ ಆಗಿದ್ದರು. ಅಪ್ಪ ಕಾರ್ಡು ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತು, “ಏನ, ನನ್ನ ಬಿಟ್ಟು ಯಾರನ್ನ ಮಾಡಿಕೊಂಡಿ?” ಎಂದದ್ದಕ್ಕೆ ಅವ್ವ ಸೆರಗು ಬಾಯಿಗಿಟ್ಟು ಸಂಜೆಯವರೆಗೆ ನಕ್ಕಳು.

ಈ ಜೂನಿನಲ್ಲಿ ಹುಡುಗನನ್ನು ಸಾಲೆಗೆ ಹಾಕಿದೆವು. ಒಂದು ತಿಂಗಳಾದ ಮೇಲೆ ಅಲ್ಲಿಯ ಮಾಸ್ತರರು ಹೇಳಿಕಳಿಸಿದರು: “ನಿಮ್ಮ ಭೀಮರಾಯ ಸಾಲಿಗೆ ಒಂದ ದಿನಾನೂ ಬಂದಿಲ್ಲ.” ಹುಡುಗ ದಿನಾಲೂ ಹೋಗುತ್ತಿದ್ದಾನೆ, ರೊಟ್ಟಿಯ ಗಂಟು ಖಾಲಿಯಾಗಿ ಬರುತ್ತಿದೆ. ನಾನು ಒಂದು ದಿನ ರಜೆ ಹಾಕಿ ಸಾಲೆಗೆ ಹೋದೆ. ಹುಡುಗ ಎಲ್ಲರಿಗಿಂತ ಮುಂದೆ, ಮಾಸ್ತರರ ಖುರ್ಚಿಗೆ ತಾಗಿಯೇ ಕೂತಿದ್ದ. ಮಾಸ್ತರರು ಹಾಜರಿ ಕರೆದರು. “ಭೀಮರಾಯ!” ಹುಡುಗ ಯಾರಪ್ಪಾ ಅದು ಎಂಬಂತೆ ಹಿಂದೆ ತಿರುಗಿ ನೋಡಿದ.

“ಏ, ನಿನ್ನ ಹೆಸರೇನೋ?” ಎಂದರು ಮಾಸ್ತರರು.

“ಇವ್ರು.”

“ಯಾವ್ರು?”

“ನಾವು.”

ಸಾಲೆಗೆ ಸಾಲೆಯೇ ನಕ್ಕಿತು. ಮಾಸ್ತರರು ನಗಲಿಲ್ಲ. “ನೋಡ್ರಿ, ಸಾಹೇಬ್ರು ತಪಾಸಣಿಗೆ ಬಂದ್ರ ಹುಡುಗ ತನ್ನ ಹೆಸರಿಗೆ ‘ಹಾಜರ್’ ಅನಬೇಕು. ದಸರಾ ಸೂಟಿಯೊಳಗ ಕಲಸ್ರಿ. ಇಲ್ಲಂದ್ರ ಹೆಸರು ತೆಗೀಬೇಕಾಗ್ತದ, ಇಲ್ಲಾ ಬ್ಯಾರೆ ಹೆಸರು ಹಚ್ಚಬೇಕಾಗ್ತದ,” ಎಂದರು.

ನನಗೆ ಇದು ಕಠಿಣ ಕೆಲಸ ಎನಿಸಲಿಲ್ಲ. ಪದ್ಧತಿ ಪ್ರಕಾರ ಹೋದರೆ ಎಲ್ಲವೂ ಸಾಧ್ಯ ಎಂಬುದು ನನ್ನ ನಂಬಿಕೆ. ಮೊದಲು ಹೆಸರಿನ ಅರ್ಥ ಕಲಿಯಬೇಕು, ಆಮೇಲೆ ಕಲಿಸಬೇಕು ಎಂದು ವಿಚಾರಣೆಗೆ ತೊಡಗಿದೆ. ನಿಘಂಟು ನೋಡಿದೆ: ಭೀಮ ಎಂದರೆ ಭಯ ಹುಟ್ಟಿಸುವವನು. ನಮ್ಮ ಅಪ್ಪ ಗೋಡೆಯ ಹಲ್ಲಿಗೆ ಹೆದರುತ್ತಿದ್ದರು. ಇಂಡಿಯಲ್ಲಿ ನನ್ನ ಖೋಲಿಯ ಮಾಲಕರಾದ ಆಚಾರ್ಯರು, “ಭೀಮಸೇನದೇವರು ವಾಯುದೇವರ ಎರಡನೇ ಅವತಾರ, ಮೊದಲನೇದು ಹನುಮಂತದೇವರು,” ಎಂದರು. ಅವರ ಮನೆತನದಲ್ಲಿ ಈ ಹೆಸರು ಭೀಮಸೇನನಾಗುತ್ತದೆ. ನಮ್ಮೂರ ಪುರಾಣ ಹೇಳುವ ಅಜ್ಜ, “ಶಿವಾ ತ್ರಿಪುರಾಸುರನ್ನ ಕೊಂದು ದಣಿದು ಕುಂತಾಗ ಮೈಯಿಂದ ಇಳದ ಬೆವರ ಈ ಹೊಳಿ,” ಎಂದರು. ಇಂಡಿ, ಸಿಂದಗಿ ಎರಡು ತಾಲೂಕುಗಳಲ್ಲಿ ನನಗೆ ಗುರುತಿದ್ದವರನ್ನೇ ಬರೆದರೂ ಭೀಮಣ್ಣ, ಭೀಮಪ್ಪ, ಭೀಮಶಿ, ಭೀಮಾಶಂಕರ ಎಂದು ಡೈರಿಯ ಎರಡು ಪುಟ ತುಂಬಿದವು. ಮುದ್ದೇಬಿಹಾಳದಿಂದ ಅಣ್ಣ, “ಇಲ್ಲಿ ಹೊಳೆ ಬೇರೆ, ಹೆಸರೂ ಬೇರೆ,” ಎಂದು ಬರೆದ. ವೈನಿಯ ತವರು ಬಸವನ ಬಾಗೇವಾಡಿ; ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತು ಬಸವರಾಜ ಎಂದು ಕೂಗಿದರೆ ಕಂಡಕ್ಟರ್ ಸಮೇತ ಅರ್ಧ ಜನ ತಿರುಗುತ್ತಾರೆ. ಅಲ್ಲಿ ಭೀಮನನ್ನು ಹುಡುಕುವುದು ನಮ್ಮ ಕೆಲಸವಲ್ಲ ಎಂದು ಆಕೆಯ ಅಪ್ಪ ಕೈಮುಗಿದರು. ಒಂದು ಹೊಳೆ ತನ್ನ ದಂಡೆಯ ಮನೆಮನೆಗೆ ನೀರಿನ ಜೊತೆ ಹೆಸರನ್ನೂ ಹಂಚಿಕೊಂಡು ಹೋಗಿದೆ ಎಂದು ನನಗೆ ಆಗ ಹೊಳೆಯಿತು.

ಇಷ್ಟೆಲ್ಲ ತಿಳಿದುಕೊಂಡು ಹುಡುಗನ ಮುಂದೆ ಕೂತು, “ನಿನ್ನ ಹೆಸರು ಭೀಮರಾಯ. ಅನ್ನು ನೋಡೋಣ,” ಎಂದೆ.

ಅವನು ಫೋಟೋದ ಕಡೆ ಬೆರಳು ಮಾಡಿದ. “ಅದು ಮುತ್ಯಾಂದು.”

“ನಿಂದೂ ಅದ.”

“ಅಲ್ಲ. ಆ ಹೆಸರು ನಾವು ತಗೋಬಾರದು. ಆಯಿ ತಗೊಳ್ಳೂದಿಲ್ಲ.” ಆಯಿ ಎಂದರೆ ಅವನ ಅಜ್ಜಿ, ನಮ್ಮ ಅವ್ವ.

ನನ್ನ ಪದ್ಧತಿ ಅಲ್ಲಿಗೆ ಮುಗಿಯಿತು. ಪೇಪರಮಿಂಟು ತೋರಿಸಿದೆ, ಪೇಪರಮಿಂಟು ತಿಂದ, ಹೆಸರು ಹೇಳಲಿಲ್ಲ. ಹೆಸರು ಅವನಿಗೆ ಗೊತ್ತಿರಲಿಲ್ಲ ಎನ್ನುವುದಕ್ಕಿಂತ, ಅದು ತನ್ನದಾಗಲು ಸಾಧ್ಯವೇ ಇಲ್ಲ ಎಂದು ಅವನು ನಮ್ಮನ್ನು ನೋಡಿಯೇ ಕಲಿತಿದ್ದ.

ಹೋದ ವಾರದ ಶನಿವಾರ ಅಣ್ಣನೂ ಬಂದಿದ್ದ. ಊಟಕ್ಕೆ ಕೂತಾಗ ಅವನೇ ಮಾತು ತೆಗೆದ. “ಸಾಲ್ಯಾಗ ರಾಜೇಶ ಅಂತ ಹಚ್ಚಿಬಿಡೋಣ. ಮನ್ಯಾಗ ಇದ್ದದ್ದು ಇರಲಿ.”

“ನಾ ಐದು ವರ್ಷದ ಹಿಂದನ ಹೇಳಿದ್ದೆ,” ಎಂದಳು ವೈನಿ. “ನನ್ನ ಮಾತು ಯಾರು ಕೇಳ್ತೀರಿ? ಹಡದಾಕಿ ನಾ, ಮಗನ್ನ ಒಮ್ಮೆರೆ ಹೆಸರು ಹಿಡದು ಕರಿಯಾಕ ಆಗಿಲ್ಲ ನನಗ.” ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಹಂಗಾರ ಅವರ ಹೆಸರು ಈ ಮನ್ಯಾಗ ಮುಗೀತಂತ ಆತು,” ಎಂದಳು. ಅಷ್ಟೇ. ಅಣ್ಣ ಮುಂದಿನ ತುತ್ತು ಬಾಯಿಗಿಡದೆ ಹಿಡಿದುಕೊಂಡೇ ಕೂತ.

ನಾನು ಒಂದು ದಾರಿ ಹುಡುಕಿ, “ಅವ್ವಾ, ಒಡಪು ಹಾಕಿ ಹೇಳಬಹುದಲ್ಲ?” ಎಂದೆ. ಮದುವೆ ಮುಂಜಿಗಳಲ್ಲಿ ಹೆಂಗಸರು ಬಾಗಿಲು ಅಡ್ಡಗಟ್ಟಿ ಕೇಳಿದಾಗ ಗಂಡನ ಹೆಸರನ್ನು ಪ್ರಾಸದ ಮಾತಿನೊಳಗೆ ಸುತ್ತಿ ಹೇಳುವುದುಂಟು, ಅದೇ ಒಡಪು. ಹಾಗೆ ಹೇಳಿದರೆ ದೋಷವಿಲ್ಲ.

“ಕುಂಕುಮ ಇದ್ದಾಗಿನ ಮಾತು ಅವು. ಈಗ ನನ್ನ ಯಾರು ಕೇಳ್ತಾರ?” ಎಂದಳು ಅವ್ವ. ಆಮೇಲೆ ಹಂಚಿನ ಕಡೆ ನೋಡುತ್ತ, ತನ್ನ ಮದುವೆಯ ಒಡಪು ಹೇಳಿದಳು: “ಬಿಳಿಜ್ವಾಳದ ರೊಟ್ಟಿಗಿ ಬೆಣ್ಣಿ ಸವರೇನಿ, ಹ್ಞೂಂ ಹ್ಞೂಂ ಹೆಸರ ಹೇಳಾಕ ಇಷ್ಟ್ಯಾಕ ನಾ ಬೆವರೇನಿ.” ಹೆಸರು ಬರುವ ಜಾಗದಲ್ಲಿ ಈಗಲೂ ಬರೀ ಹ್ಞೂಂ ಹ್ಞೂಂ. ಆದರೆ ಆ ಎರಡು ಹ್ಞೂಂಕಾರ ಹೇಳುವಾಗ ಅವ್ವನ ಮುಖ ಹದಿನಾರು ವರ್ಷದ ಹುಡುಗಿಯದಾಗಿತ್ತು. ಅಣ್ಣ, ವೈನಿ, ನಾನು ಮೂವರೂ ಬೇರೆ ಬೇರೆ ಕಡೆ ನೋಡಿದೆವು.

ಮರುದಿನ, ೨೨ನೇ ತಾರೀಖು ಭಾನುವಾರ, ಅವ್ವ ಬಟ್ಟೆ ಒಗೆಯಲು ಹೊಳೆಗೆ ಹೊರಟಳು. ಹುಡುಗನನ್ನೂ ಕರೆದುಕೊಂಡಳು. ನಾನು ಬುಟ್ಟಿ ಹೊತ್ತು ಹಿಂದೆ ಹೋದೆ. ಹೊಳೆ ತುಂಬಿತ್ತು, ಕೆಂಪು ನೀರು ಆಚೆ ದಂಡೆಯವರೆಗೆ ಒಂದೇ ಹಾಸು. ಬೇವಿನಗಿಡದ ಮನೆಯ ಭೀಮವ್ವ ಆಗಲೇ ಕಲ್ಲಿನ ಮೇಲೆ ಬಟ್ಟೆ ಕುಕ್ಕುತ್ತಿದ್ದಳು. ಹುಡುಗ ನೀರಿಗೆ ಕಲ್ಲು ಒಗೆಯುತ್ತ, “ಆಯಿ, ಈ ಹೊಳಿ ಹೆಸರೇನು?” ಎಂದು ಕೇಳಿದ.

ಅವ್ವ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. ಕೈ ಒರೆಸಿಕೊಂಡಳು. ಸೆರಗನ್ನು ತಲೆಯ ಮೇಲೆ ಸರಿಯಾಗಿ ಹೊದ್ದು, “ಬರ್ರಿ ಇಲ್ಲೆ,” ಎಂದು ಹುಡುಗನನ್ನು ಹತ್ತಿರ ಎಳೆದುಕೊಂಡು, ಅವನ ಕಿವಿಗೆ ಅಂಗೈ ಮರೆ ಮಾಡಿ ‘ಕುರ್‍ರ್’ ಎಂದು ಊದಿದಳು. ಆಮೇಲೆ ಅವಳ ತುಟಿ ಅಲುಗಿದ್ದು ಕಂಡೆ. ನಾನಿದ್ದದ್ದು ನಾಲ್ಕು ಮೆಟ್ಟಿಲು ಮೇಲೆ. ನನಗೆ ಏನೂ ಕೇಳಿಸಲಿಲ್ಲ. ಹುಟ್ಟಿದಾಗಿನಿಂದ ಅವ್ವನ ಬಾಯಲ್ಲಿ ನಾನು ಕೇಳದ ಶಬ್ದವೊಂದು ಅಷ್ಟು ಹತ್ತಿರ ಹಾದುಹೋಯಿತು.

ಹುಡುಗನ ಕಣ್ಣು ದೊಡ್ಡವಾದವು. “ಅದು ಮುತ್ಯಾಂದು ಅಲ್ಲಾ?”

“ಮುತ್ಯಾ ನಿಮಗಂತ ಬಿಟ್ಟು ಹೋಗ್ಯಾರ.”

“ಹೊಳೀನೂ?”

“ಹೊಳೀನೂ.”

ಅವನು ನೀರಿನ ಅಂಚಿಗೆ ಓಡಿ, ಎರಡೂ ಕೈ ಬಾಯಿಗೆ ಹಚ್ಚಿ, ಇದ್ದ ಉಸಿರನ್ನೆಲ್ಲ ಹಾಕಿ ಕೂಗಿದ: “ಭೀಮಾ...!” ಅಷ್ಟು ಅಗಲ ಹೊಳೆಯ ಮೇಲೆ ಆ ಕೂಗು ಹೋಗುವುದನ್ನು ನಾನು ಕಣ್ಣಿಂದ ನೋಡಿದೆ ಎಂದೇ ನನಗೆ ಅನ್ನಿಸುತ್ತದೆ. ಆಚೆ ದಂಡೆಯಲ್ಲಿ ಎಮ್ಮೆ ಮೈ ತೊಳೆಯುತ್ತಿದ್ದ ಯಾರೋ ಒಬ್ಬ ತಲೆ ಎತ್ತಿ, “ಓ! ಯಾರಪಾ ಅಂವಾ?” ಎಂದು ಕೂಗಿದ. ನನ್ನ ಎರಡು ಪುಟದ ಯಾದಿಯಲ್ಲಿ ಸೇರದೆ ಉಳಿದ ಭೀಮ ಅವನು. ಹುಡುಗ ಎದೆ ಬಡಿದುಕೊಂಡು, “ನಾ! ನಾ!” ಎಂದ. ಮೊದಲ ಸಲ ಅವನು ‘ನಾವು’ ಎನ್ನದೆ ‘ನಾ’ ಎಂದದ್ದು.

ಅವ್ವ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಭೀಮವ್ವ ಮಾತ್ರ ಸಾಬೂನು ಹತ್ತಿದ ಕೈಯಿಂದಲೇ ಎದ್ದು ಬಂದು ಅವ್ವನ ಬೆನ್ನಿಗೆ ಒಂದು ಗುದ್ದು ಹಾಕಿದಳು. “ಹೆಸರ ಇಟ್ಟಾಕಿಗೆ ಗುದ್ದಬೇಕಲ್ಲ ಮತ್ತ!”

ಮನೆಗೆ ಬರುವಾಗ ದಾರಿಯಲ್ಲಿ ಕೇಳಿದೆ: “ಅವ್ವಾ, ಏನಂದಿ ಅಂವನ ಕಿವಿಯಾಗ?”

“ಏನಿಲ್ಲ,” ಎಂದಳು. “ಅವರ ಹೆಸರು ಅವರಿಗೆ ಹೇಳಿದೆ.”

ಸೋಮವಾರ ಹಾಜರಿಯಲ್ಲಿ ಹುಡುಗ ‘ಹಾಜರ್’ ಎಂದದ್ದು ಪಕ್ಕದ ವರ್ಗಕ್ಕೂ ಕೇಳಿಸಿತಂತೆ. ವೈನಿ ಈಗಲೂ ‘ಮಾವಾರ’ ಎನ್ನುತ್ತಾಳೆ, ಆದರೆ ನಿನ್ನೆ ಬೆಲ್ಲದ ಡಬ್ಬಿಯ ವಿಷಯದಲ್ಲಿ ಅವಳು ಮಾವನವರ ಕಿವಿ ಹಿಂಡಿದ್ದನ್ನು ನಾನೇ ಕಂಡೆ.

ಇನ್ನು ನನ್ನ ಮಾತು. ಬರುವ ಮಾಗಿಯಲ್ಲಿ ನನ್ನ ಮದುವೆ. ಹುಡುಗಿ ಮುದ್ದೇಬಿಹಾಳದ ಕಡೆಯವಳು. ಹೆಂಡತಿ ನನ್ನನ್ನು ಹೆಸರು ಹಿಡಿದೇ ಕರೆಯಬೇಕು, ಕಾಲ ಬದಲಾಗಿದೆ ಎಂದು ಗೆಳೆಯರ ಮುಂದೆ ಎಷ್ಟೋ ಸಲ ಸಾರಿದವನು ನಾನು. ಹೋದ ಭಾನುವಾರದಿಂದ ಆ ಧೈರ್ಯ ಸಡಿಲವಾಗಿದೆ. ಹೇಳದೆ ಉಳಿಸಿಕೊಳ್ಳುವಂಥ ಹೆಸರು ನನ್ನದಾಗಬಾರದೇ ಎಂಬ ಆಸೆ ಹುಟ್ಟಿದೆ. ಆದರೆ ನನ್ನ ಹೆಸರು ರಮೇಶ. ಈ ನಾಲ್ಕು ತಾಲೂಕಿನಲ್ಲಿ ರಮೇಶ ಎಂಬ ಹೊಳೆ ಇಲ್ಲ, ಹಳ್ಳವೂ ಇಲ್ಲ. ಪಾಂಡವರಲ್ಲಿ ನಾನು ಎಷ್ಟನೆಯವನೂ ಅಲ್ಲ. ನಾಳೆ ರೇಷನ್ ಕಾರ್ಡಿನವರು ಬಂದರೆ ಆಕೆ ಏನನ್ನು ತೋರಿಸಬೇಕು ಎಂದು ಇಂದು ಬೆಳಿಗ್ಗೆ ಅವ್ವನನ್ನು ಕೇಳಿದೆ.

“ಆ ಡೈರಿ ತೋರಸ್ತಾಳ ಬಿಡು,” ಎಂದಳು ಅವ್ವ. “‘ಇದನ್ನ ಬರಿಯವ್ರು’ ಅಂದ್ರ ಸಾಕು, ಊರಿಗೆಲ್ಲಾ ತಿಳೀತದ.”

ಭೀಮ ಎಂಬ ಹೆಸರಿನ ಬಗ್ಗೆ ನನಗಿಂತ ಹೆಚ್ಚು ತಿಳಿದವರು, ಹೊಳೆಗೆ ಮೊದಲು ಆ ಹೆಸರು ಬಂತೋ ಮನುಷ್ಯರಿಗೆ ಮೊದಲು ಬಂತೋ ಬಲ್ಲವರು, ದಯವಿಟ್ಟು ಈ ಪತ್ರಿಕೆಯ ಮೂಲಕ ಬರೆದು ತಿಳಿಸಬೇಕು. ಜೊತೆಗೆ, ರಮೇಶ ಎಂಬುದು ಕೂಡುವಂಥ ಒಂದು ಒಳ್ಳೆಯ ಒಡಪು ಯಾರ ಮನೆಯಲ್ಲಾದರೂ ಇದ್ದರೆ ಅದನ್ನೂ ಕಳಿಸಿರಿ. ಮಾಗಿ ಬಹಳ ದೂರವಿಲ್ಲ, ಮತ್ತು ಹುಡುಗಿಗೆ ಬಾಯಿಪಾಠ ಮಾಡಲು ವೇಳೆ ಬೇಕು.