ಕಲ್ಲಪ್ಪಗ ಬಿದ್ದ ಏಟು

ವ್ಯಾಕರಣ ಬರೆಯುವ ನಮ್ಮಂಥವರು ನೋಡಲು ಸಾಧುಗಳು, ಒಳಗೆ ಮಹಾ ಕ್ರೂರಿಗಳು. ನಮ್ಮ ಉದಾಹರಣೆ ವಾಕ್ಯಗಳಲ್ಲಿ ಯಾರೂ ಸುಮ್ಮನೆ ಕೂತಿರುವುದಿಲ್ಲ. ಕರ್ತೃ ಬಂದನೆಂದರೆ ಕರ್ಮಕ್ಕೆ ಏಟು ಖಂಡಿತ. ನಾನೂ ಈ ಹೊಡೆದಾಟದಿಂದಲೇ ಹೊಟ್ಟೆ ಹೊರೆಯುವವನು.

ಹುಟ್ಟಿದ್ದು ಸವಡಿಯಲ್ಲಿ. ಹೈಸ್ಕೂಲು ಓದಿದ್ದು ಗಜೇಂದ್ರಗಡದಲ್ಲಿ, ಸೀರೆ ನೇಯುವ ದೊಡ್ಡವ್ವ ಗಂಗವ್ವನ ಮನೆಯಲ್ಲಿದ್ದುಕೊಂಡು. ಅಲ್ಲಿಯ ಕನ್ನಡ ಮಾಸ್ತರರು ನನ್ನ ಬಾಯಿಂದ ‘ಹ್ಯಾಂಗ’ ಬಂದಾಗಲೆಲ್ಲ ಕಿವಿ ಹಿಂಡಿ ‘ಹೇಗೆ’ ಅನ್ನಿಸುತ್ತಿದ್ದರು. ಧಾರವಾಡ ದಾಟಿ ಜರ್ಮನಿಗೆ ಹೋದರೆ ಅಲ್ಲಿಯ ಪ್ರೊಫೆಸರಮ್ಮ, “‘ಹೇಗೆ’ ನಮಗೆ ಗೊತ್ತು, ನಿನ್ನ ‘ಹ್ಯಾಂಗ’ ಎಲ್ಲಿ?” ಎಂದು ಕೇಳಿದರು. ಮೈಸೂರು ಕಡೆಯವರು ‘ಅವನನ್ನು’ ಹೊಡೆದರೆ ನಾವು ‘ಅವಗ’ ಹೊಡೆಯುತ್ತೇವಲ್ಲ, ಆ ಒಂದು ‘ಗ’ದ ಮೇಲೆಯೇ ನನ್ನ ಡಾಕ್ಟರೇಟು, ನೌಕರಿ, ದೇಶ ದೇಶ ತಿರುಗಿ ಭಾಷಣ, ಕೊನೆಗೊಂದು ದಪ್ಪ ಪುಸ್ತಕ. ಪುಸ್ತಕಕ್ಕೆ ಉದಾಹರಣೆ ಬೇಕಲ್ಲ? ನೆನಪಿಗೆ ಬಂದ ಹೆಸರು ಹಾಕಿದೆ: ‘ಗಂಗವ್ವ ಕಲ್ಲಪ್ಪಗ ಹೊಡದ್ಲು.’ ಕಲ್ಲಪ್ಪ ಎಂದರೆ ದೊಡ್ಡವ್ವನ ಗಂಡ. ನೊಣದ ಮೇಲೂ ಕೈ ಎತ್ತದ ಜೋಡಿ. ಇಂಗ್ಲಿಷ್ ಪುಸ್ತಕ ಗಜೇಂದ್ರಗಡದ ತನಕ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಕಳೆದ ಬೇಸಿಗೆಯಲ್ಲಿ ಗಜೇಂದ್ರಗಡಕ್ಕೆ, ದೊಡ್ಡವ್ವನ ಮನೆಗೆ ಬಂದೆ. ದೊಡ್ಡವ್ವ ಮಗ್ಗದಿಂದ ಏಳಲಿಲ್ಲ, ಒಂದು ತಂಬಿಗೆ ನೀರು ಸಹ ಕೊಡಲಿಲ್ಲ. ಆಕೆಯ ಸೊಸೆ ಮೊಬೈಲಿನಲ್ಲಿ ನನ್ನ ಪುಸ್ತಕ ಹುಡುಕಿ ಓದಿ ಹೇಳಿದ್ದಳಂತೆ, ಅದೂ ಓಣಿಯ ಹೆಂಗಸರ ಮುಂದೆ.

“ನಾ ಯಾವಾಗ ಹೊಡದೀನಿ ಲೇ ನಿಮ್ಮ ದೊಡ್ಡಪ್ಪಗ?”

“ಅದು ಬರೀ ಉದಾಹರಣಿ, ದೊಡ್ಡವ್ವ. ಖರೇ ಅಲ್ಲ.”

“ಒಂದ್ ಸಲ ಅಲ್ಲ! ಹೊಡದ್ಲು ಅಂತಿ, ಹೊಡಸಿದ್ಲು ಅಂತಿ, ಮುಂದಿನ ಪುಟದಾಗ ದಿನಾ ಹೊಡೀತಾಳ ಅಂತಿ. ನನಗ ಬ್ಯಾರೇ ಕೆಲಸ ಇಲ್ಲೇನು?”

“ಹೊಡೀಲಿಲ್ಲ ಅಂತನೂ ಬರದೀನಲ್ಲ!” ಎಂದೆ.

ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ದೊಡ್ಡಪ್ಪ ಮಾತ್ರ ತನ್ನ ಹೆಸರು ಜರ್ಮನಿ ಮುಟ್ಟಿದ ಖುಷಿಯಲ್ಲಿದ್ದ. “ಇರ್ಲಿ ಬಿಡ. ನನಗೇನ್ ಭಾಳ ನೋವಾಗಿಲ್ಲ,” ಎಂದ.

ಎರಡು ದಿನ ದೊಡ್ಡವ್ವನ ಬಾಯಿ ಬಂದ್. ನನಗೋ ಫಜೀತಿ. ಮುಂದಿನ ಪುಸ್ತಕಕ್ಕೆ ಅವಳ ಮಾತು ರೆಕಾರ್ಡ್ ಮಾಡಿಕೊಳ್ಳಲೆಂದೇ ಅಷ್ಟು ದೂರದಿಂದ ಬಂದಿದ್ದೆ. ಮೂರನೆಯ ದಿನ ಶರಣಾದೆ. ದೊಡ್ಡಪ್ಪನ ಹೆಸರು ತೆಗೆದು ‘ಗಂಗವ್ವ ಬಸ್ಯಾಗ ಹೊಡದ್ಲು’ ಎಂದು ತಿದ್ದುವುದಾಗಿ ಮಾತು ಕೊಟ್ಟೆ. ಬಸ್ಯಾ ಎಂದರೆ ಪ್ರೊಫೆಸರ್ ಬಸವರಾಜ, ಅಂದರೆ ನಾನು.

ದೊಡ್ಡವ್ವ ಮಗ್ಗ ನಿಲ್ಲಿಸಿ ಯೋಚಿಸಿದಳು. ಎದ್ದು ಬಂದು ನನ್ನ ಬೆನ್ನಿಗೆ ರಪ್ಪನೆ ಒಂದು ಬಾರಿಸಿದಳು.

“ಈಗ ಬರಿ. ಪುಸ್ತಕದಾಗ ಸುಳ್ಳು ಇರಬಾರದು.”

ಎಂಥ ಚಲೋ ವಾಕ್ಯ! ಬೆನ್ನು ಉಜ್ಜಿಕೊಳ್ಳುವ ಮೊದಲು ರೆಕಾರ್ಡರ್ ನೋಡಿದೆ. ಹಚ್ಚಿರಲೇ ಇಲ್ಲ. ತಡೆಯಲಾರದೆ, “ದೊಡ್ಡವ್ವ, ಇನ್ನೊಂದ್ ಸಲ,” ಎಂದುಬಿಟ್ಟೆ.

ಏನನ್ನು ಇನ್ನೊಂದು ಸಲ ಎಂದು ಹೇಳುವಷ್ಟು ವ್ಯಾಕರಣ ಆ ಗಳಿಗೆಯಲ್ಲಿ ನನಗೆ ಹೊಳೆಯಲಿಲ್ಲ.