ಭಾವನ ಒಂದು ವಾರದ ಒಳ್ಳೆಯ ರಕ್ತ

ರಕ್ತ ಕೊಡುವ ಒಂದು ವಾರ ಮೊದಲು ಸಜ್ಜನರಾಗುವವರು ಸೌದಿಯ ಈ ಖಮೀಸ್ ಮುಶೈತ್ ಊರಿನಲ್ಲಿ ಯಾರಾದರೂ ಇದ್ದರೆ ಅದು ನನ್ನ ಭಾವ. ದಾನಕ್ಕಲ್ಲ, ಪರೀಕ್ಷೆಗೆ. ಆ ವಾರ ಸಿಗರೇಟಿಲ್ಲ, ಖರ್ಜೂರವಿಲ್ಲ, ಬೆಳಿಗ್ಗೆ ಎದ್ದರೆ ಮೆಂತೆ ನೀರು. ಸೂಜಿ ಹೊರಗೆ ಬಂದದ್ದೇ ತಡ, ತೋಳಿನ ಹತ್ತಿಯನ್ನು ಒತ್ತಿಕೊಂಡೇ ಪಾರ್ಕಿಂಗಿಗೆ ಹೋಗಿ ಒಂದು ಸಿಗರೇಟು ಹಚ್ಚುತ್ತಾರೆ. ಇಂಥವರಿಗೆ ಏನು ಹೇಳುವುದು? ನಾನು ಆ ರಕ್ತ ತೆಗೆಯುವ ಆಸ್ಪತ್ರೆಯ ನರ್ಸು, ಪ್ರತಿ ಶುಕ್ರವಾರ ರಜೆಯ ಊಟ ಅಕ್ಕ-ಭಾವನ ಮನೆಯಲ್ಲಿ. ಹೇಳಿ ಹೇಳಿ ನನ್ನ ಬಿಪಿ ಏರಿದೆ!

ಭಾವನದು ಕಾರಿನ ಏಸಿ ರಿಪೇರಿ ಅಂಗಡಿ. ನಾಲ್ಕು ಹೆಜ್ಜೆ ನಡೆದರೆ ಮೀನಖಂಡ ಹಿಂಡಿದಂತಾಗಿ ನಿಲ್ಲುತ್ತಾರೆ. ನೋವಿಗೆ ನಿಂತದ್ದು ಎಂದು ಒಪ್ಪುವುದುಂಟೇ? ಫೋನು ನೋಡುತ್ತಾರೆ. ಈಗೀಗ ಎದುರಿನ ಕಿರಾಣಿ ಅಂಗಡಿಗೂ ಕಾರಿನಲ್ಲೇ ಸವಾರಿ. ಕಾಲಿನ ಹೆಬ್ಬೆರಳಿನ ಹುಣ್ಣು ಮಾಯುತ್ತಿಲ್ಲ.

ಕಾಲಿನ ರಕ್ತನಾಳ ಕಟ್ಟಿಕೊಳ್ಳುತ್ತಿದೆ ಎಂದರು ಡಾಕ್ಟರು. ರೋಗ ಎಷ್ಟು ಜೋರು ಎಂಬ ಸುಳಿವು ರಕ್ತದಲ್ಲೂ ಸಿಗುತ್ತದೆ: ಉರಿಯೂತ ಹೇಳುವ ಸಿಆರ್‌ಪಿ, ಹೆಪ್ಪುಗಟ್ಟುವ ಸ್ವಭಾವ ಹೇಳುವ ಫೈಬ್ರಿನೋಜನ್. ಮೆಂತೆಗೆ ಶುಗರ್ ಬಗ್ಗಿತು. ಇವೆರಡು ಬಗ್ಗಲಿಲ್ಲ, ಪ್ರತಿ ಸಲವೂ ಏರಿದವು.

"ಮೆಷಿನು ಹಾಳಾಗಿದೆ. ದಿನಾ ಗೇಜು ನೋಡುವವ ನಾನು. ಗೇಜು ಸುಳ್ಳು ಹೇಳುವುದು ನನಗೆ ಗೊತ್ತಿಲ್ವಾ?"

"ಗೇಜು ಬದಲಾಯಿಸಿದರೆ ಕಾರು ತಣ್ಣಗಾಗ್ತದಾ ಭಾವ?"

"ನಿನ್ನ ಬಾಯಿಗೊಂದು ಗೇಜು ಬೇಕು ಮಾರಾಯ್ತಿ."

ಈ ಹುಚ್ಚಿಗೆ ಮೂಲವುಂಟು. ಮೊದಲ ಸಲ ಗಲ್ಫಿಗೆ ಬಂದಾಗ ಇಕಾಮಾಕ್ಕೆ, ಅಂದರೆ ಇಲ್ಲಿರುವ ಪರವಾನಗಿಗೆ, ಮೆಡಿಕಲ್ ಪರೀಕ್ಷೆಯ ಕ್ಯೂನಲ್ಲಿ ಅವರ ಮುಂದೆ ನಿಂತಿದ್ದ ಗಟ್ಟಿಮುಟ್ಟು ಗೆಳೆಯನಿಗೆ ರಕ್ತ ನೋಡಿ 'ಅನ್‌ಫಿಟ್' ಎಂದು ಬರೆದು ವಾಪಸು ಕಳಿಸಿದರಂತೆ. ಆ ಗೆಳೆಯ ಒಮ್ಮೆ ಕುಂದಾಪುರದವನು, ಒಮ್ಮೆ ಬಂಟ್ವಾಳದವನು. ಹಾಗೊಬ್ಬ ಇದ್ದನೋ ಇಲ್ಲವೋ. ನನ್ನ ನೆನಪನ್ನೂ ಪೂರ್ತಿ ನಂಬಬೇಡಿ: ಮುಂದಿನ ಜಗಳ ಲ್ಯಾಬಿನ ಬಾಗಿಲಲ್ಲಿ ಆಯಿತು ಎನ್ನುತ್ತೇನೆ ನಾನು, ಅಲ್ಲ, ಕಾರಿನೊಳಗೆ ಎನ್ನುತ್ತಾಳೆ ಅಕ್ಕ.

ಜಿದ್ದಾಕ್ಕೆ ಹೋಗಿ ರಕ್ತನಾಳ ತೆರೆಸದಿದ್ದರೆ ಮೊದಲು ಬೆರಳು ಹೋಗುತ್ತದೆ, ಆಮೇಲೆ ಪಾದ ಎಂದಿದ್ದರು ಡಾಕ್ಟರು. ಹೋಗುವ ಮೊದಲು ಇನ್ನೊಮ್ಮೆ ರಕ್ತ ನೋಡಬೇಕಿತ್ತು. ಭಾವ ನನ್ನನ್ನು ಬದಿಗೆ ಕರೆದರು.

"ಈ ಸಲ ನನ್ನ ಹೆಸರಿಗೆ ಒಂದು ಸಿರಿಂಜು ನಿನ್ನದು ಹಾಕು. ನಿನ್ನದು ಒಳ್ಳೆ ರಕ್ತ."

"ಎಂತ?"

"ಯಾರಿಗೂ ಗೊತ್ತಾಗುವುದಿಲ್ಲ."

"ಇದು ಆಸ್ಪತ್ರೆ ರಕ್ತ ಭಾವ, ಇಕಾಮಾ ರಕ್ತ ಅಲ್ಲ. ಇದನ್ನು ನೋಡಿ ಇಲ್ಲಿರುವ ಪರವಾನಗಿ ಯಾರೂ ಕಿತ್ತುಕೊಳ್ಳುವುದಿಲ್ಲ. ನನ್ನ ರಕ್ತ ನೋಡಿ ನಿಮ್ಮ ಕಾಲಿಗೆ ಮದ್ದು ಮಾಡುವುದಾ? ಅಷ್ಟು ಹೆದರಿಕೆಯಾದರೆ ಈಗಲೇ ಊರಿಗೆ ಹೋಗಿ. ಎರಡೂ ಕಾಲಿರುವಾಗಲೇ ಹೋಗಿ."

ಭಾವ ಚಪ್ಪಲಿ ನೋಡುತ್ತಾ ಹೇಳಿದರು: "ನಾನು ಹೋದರೆ ನಿನ್ನ ಅಕ್ಕನೂ ಬರಬೇಕಲ್ಲ. ಅವಳ ಇಕಾಮಾ ಇರುವುದು ನನ್ನದರ ಮೇಲೆ. ಮತ್ತೆ ಶುಕ್ರವಾರ ನೀನು ಎಲ್ಲಿ ಊಟ ಮಾಡುವುದು? ಆ ಹಾಸ್ಟೆಲಿನಲ್ಲಿ ಒಬ್ಬಳೇ?"

ತೋಳಿಗೆ ಪಟ್ಟಿ ಬಿಗಿದು ಅವರದೇ ರಕ್ತ ತೆಗೆದೆ.

ಜಿದ್ದಾಕ್ಕೆ ನಾನೂ ಜೊತೆಗೆ ಹೋದೆ. ನಾಳ ತೆರೆದ ಮರುದಿನ ಅವರ ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದೆ.

"ಸಿಕ್ಕಿತಾ?"

"ಮಾತಾಡಬೇಡಿ ಭಾವ. ಎಣಿಸ್ತಾ ಇದ್ದೇನೆ."

ಎಣಿಸುತ್ತಿರಲಿಲ್ಲ. ಅದು ಆಗಲೇ ಸಿಕ್ಕಿತ್ತು, ಕೈ ತೆಗೆಯಲು ಮನಸ್ಸಾಗಲಿಲ್ಲ.